ಇನ್ನೊಂದು ಸಲ ಕೇಳಿದ್ದರೆ

ಪೈವಿ ಕೇಳಿದ್ದು ಒಂದೇ ಸಲ. ಅದೂ ಬುಧವಾರ ಬೆಳಗ್ಗೆ, ಸಿಯಾಟಲ್ ಬಳಿಯ ಈಸ್ಟ್‌ಗೇಟಿನಲ್ಲಿ ವಿಜಯಾಳ ಮನೆಯ ಅಡುಗೆಕಟ್ಟೆಗೆ ಆನಿಸಿದ ಎತ್ತರದ ಸ್ಟೂಲಿನ ಮೇಲೆ ಕೂತು, ಉಪ್ಪಿಟ್ಟಿನೊಳಗಿನ ಸಾಸಿವೆಕಾಳನ್ನು ಚಮಚದ ತುದಿಯಲ್ಲಿ ಪರೀಕ್ಷೆ ಮಾಡುತ್ತ.

"ಶುಕ್ರವಾರ ಸಮ್ಮೇಳನದ ಮುಖ್ಯ ವೇದಿಕೆಯಲ್ಲಿ ಒಂದು ಜಾಗ ಖಾಲಿಯಾಗಿದೆ. ಬ್ರೆಜಿಲಿನಿಂದ ಬರಬೇಕಾದವಳಿಗೆ ವೀಸಾ ಸಿಗಲಿಲ್ಲ. ನೀನು ಮಾತಾಡುತ್ತೀಯಾ?"

ವಿಜಯಾಳ ಕೈಯ ಸೌಟು ಗಾಳಿಯಲ್ಲಿ ನಿಂತಿತು. ಅಮೆರಿಕಕ್ಕೆ ಬಂದಾಗಿನಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಪ್ರಶ್ನೆ ಅದು. ಹಾಗಾಗಿ, ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದ ಯಾವ ಹೆಣ್ಣುಮಗಳಾದರೂ ಹೇಳುವುದನ್ನೇ ಅವಳೂ ಹೇಳಿದಳು.

"ಅಯ್ಯೋ, ನಾನಾ? ಬೇಡಪ್ಪ. ನನಗಿಂತ ಎಷ್ಟೋ ಒಳ್ಳೆಯವರು ಇದ್ದಾರೆ."

ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಇಂಗ್ಲಿಷು ಬರೀ ಮೇಲುಹೊದಿಕೆ. ಒಳಗಿನ ಮಾತು ಅಚ್ಚ ಸರಸ್ವತಿಪುರಂನದು. ಅಲ್ಲಿಯ ಮದುವೆ ಊಟದಲ್ಲಿ ಎರಡೂ ಕೈಯಿಂದ ಎಲೆ ಮುಚ್ಚಿಕೊಂಡು "ಸಾಕು ಸಾಕು" ಎನ್ನುವವನನ್ನು ಯಾರೂ ಹೊಟ್ಟೆ ತುಂಬಿದವನೆಂದು ತಿಳಿಯುವುದಿಲ್ಲ. ಮಾತುಕತೆ ಶುರುವಾಯಿತೆಂದು ತಿಳಿಯುತ್ತಾರೆ. ಬಡಿಸುವವನು ಬೆರಳ ಸಂದಿಯಿಂದಲೇ ಹೋಳಿಗೆ ಜಾರಿಸುತ್ತಾನೆ. ಬೇಡವೆಂದವನು ಅದನ್ನು ತಿಂದು, ಇನ್ನೊಂದಕ್ಕಾಗಿ ಮತ್ತೆ ಎಲೆ ಮುಚ್ಚಿಕೊಳ್ಳುತ್ತಾನೆ.

ಪೈವಿ ಬೆಳೆದದ್ದು ಫಿನ್ಲೆಂಡಿನಲ್ಲಿ. "ಸರಿ," ಎಂದಳು. ಫೋನಿನಲ್ಲಿ ಏನನ್ನೋ ಅಳಿಸಿ, ಉಪ್ಪಿಟ್ಟಿಗೆ ಮರಳಿದಳು.

ವಿಜಯಾ ಕಾದಳು. ಎರಡನೆಯ ಸಲ ಕೇಳುವುದಕ್ಕೆ ಅನುಕೂಲವಾಗಲೆಂದು ಕಾಫಿ ಬಗ್ಗಿಸಿದಳು, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ಕೊನೆಗೆ ತಾನೇ ಬಾಗಿಲು ತುಸು ತೆರೆದಿಟ್ಟಳು.

"ಶುಕ್ರವಾರ ಅಂದೆಯಾ?"

"ಹೌದು."

"ಮುಖ್ಯ ವೇದಿಕೆಯೇ?"

"ಹೌದು."

"ಅಷ್ಟು ದೊಡ್ಡ ಸಭೆಯೆದುರು ಮಾತಾಡಬೇಕಾದರೆ ಧೈರ್ಯ ಬೇಕು, ಅಲ್ಲವಾ?"

"ಬೇಕು," ಎಂದಳು ಪೈವಿ. "ಅದಕ್ಕೇ ಬೇರೆಯವರನ್ನು ಹುಡುಕುತ್ತೇನೆ." ತಟ್ಟೆಯನ್ನು ತಾನೇ ತೊಳೆದಿಟ್ಟು, ತಯಾರಾಗಲು ಮಹಡಿ ಹತ್ತಿದಳು.

ತಂತ್ರಜ್ಞಾನದಲ್ಲಿರುವ ಹೆಂಗಸರ ಅಂತರರಾಷ್ಟ್ರೀಯ ಸಮ್ಮೇಳನ ಆ ವರ್ಷ, ಅಂದರೆ ಎರಡು ಸಾವಿರದ ಹದಿನೆಂಟರಲ್ಲಿ, ಸಿಯಾಟಲ್‌ನಲ್ಲಿ ನಡೆದಿತ್ತು. ಹೋಟೆಲಿನ ದರ ಕೇಳಿ ಗಾಬರಿಯಾದ ಸಮಿತಿಯವರು, ಹೊರದೇಶದಿಂದ ಬರುವವರನ್ನು ಸ್ಥಳೀಯ ಸದಸ್ಯೆಯರ ಮನೆಗಳಿಗೆ ಹಂಚಿ, ಅದಕ್ಕೆ ಸಂಸ್ಕೃತಿಗಳ ಸೇತುವೆ ಎಂದು ಹೆಸರಿಟ್ಟಿದ್ದರು. ವಿಜಯಾಳ ಪಾಲಿಗೆ ಬಂದವರು ಇಬ್ಬರು. ಒಬ್ಬಳು ಈ ಪೈವಿ, ಸಮ್ಮೇಳನದ ಕಾರ್ಯಕ್ರಮಗಳನ್ನು ಜೋಡಿಸುವ ಮುಖ್ಯಸ್ಥೆ. ಇನ್ನೊಬ್ಬಳು ಮಹ್ನಾಜ್; ಹುಟ್ಟಿದ್ದು ಇರಾನಿನ ಇಸ್ಫಹಾನ್, ಕೆಲಸ ಟೊರಾಂಟೊದಲ್ಲಿ, ಆಸ್ಪತ್ರೆಗಳ ಸಾಫ್ಟ್‌ವೇರ್.

ಸೋಮವಾರ ಸಂಜೆ ಇಬ್ಬರೂ ವಿಮಾನ ನಿಲ್ದಾಣದಿಂದ ಒಂದೇ ಕಾರಿನಲ್ಲಿ ಬಂದಿಳಿದಾಗ ಬಾಗಿಲಲ್ಲೇ ಒಂದು ಸಮಸ್ಯೆ ಎದ್ದಿತು. "ನೀವು ಮೊದಲು" ಎಂದಳು ವಿಜಯಾ. "ಸಾಧ್ಯವೇ ಇಲ್ಲ, ನೀವು" ಎಂದಳು ಮಹ್ನಾಜ್. "ನೀವು ಅತಿಥಿ." "ನೀವು ಈ ಮನೆಯ ಬೆಳಕು." ಇಬ್ಬರೂ ಎದೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲಾಚೆಯೇ ನಿಂತಿರುವಾಗ ಪೈವಿ ಅವರ ನಡುವೆ ತೂರಿ ಒಳಗೆ ಹೋಗಿ, ಯಾರೂ ಹೇಳದೆಯೇ ಶೂ ಕಳಚಿಟ್ಟು, ಸೋಫಾದಲ್ಲಿ ಕೂತಿದ್ದಳು. ವಿಜಯಾಳ ಗಂಡ ಸುಹಾಸ್‌ಗೆ ಆ ಗಳಿಗೆಯಿಂದಲೇ ಪೈವಿಯ ಮೇಲೆ ಗೌರವ ಹುಟ್ಟಿತ್ತು. ಇಷ್ಟು ವರ್ಷದಲ್ಲಿ ಹೇಳಿಸಿಕೊಳ್ಳದೆ ಶೂ ಬಿಚ್ಚಿದ ಮೊದಲ ಬಿಳಿಯ ಅತಿಥಿ ಅವಳೇ ಎಂದು ಅವನ ವಾದ.

ಆ ಸುಹಾಸ್ ಈಗ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದ.

"ಅವಳು ಇನ್ನೊಂದ್ಸಲ ಕೇಳ್ಲೇ ಇಲ್ಲ ಕಣ್ರೀ," ಎಂದಳು ವಿಜಯಾ.

"ಏನನ್ನ?"

ಹೇಳಿದಳು.

"ನೀನೇನಂದೆ?"

"ಬೇಡ ಅಂದೆ."

"ಮತ್ತಿನ್ನೇನು?"

"ಬೇಡ ಅಂದ್ರೆ ಬೇಡ ಅಂತಾನಾ? ನೀವು ಹೆಣ್ಣು ನೋಡಕ್ಕೆ ನಮ್ಮನೆಗೆ ಬಂದಾಗ ಕೇಸರಿಬಾತ್ ಬೇಡ್ವೇ ಬೇಡ ಅಂದ್ರಿ. ಆಮೇಲೆ ಮೂರು ತಟ್ಟೆ ತಿಂದ್ರಿ."

"ಬಡಿಸಿದ್ದು ನಿಮ್ಮಮ್ಮ. ಇವಳು ಫಿನ್ಲೆಂಡ್‌ನೋಳು. ಹೋಗಿ 'ನಂಗೆ ಬೇಕು' ಅಂತ ಹೇಳು, ಮುಗೀತು."

"ನಾನಾಗೇನಾ? ಥೂ. ನಾಚ್ಕೆ ಆಗಲ್ವಾ?"

ಮಗಳು ಜಾಹ್ನವಿ ಸೀರಿಯಲ್ ಬಟ್ಟಲಿನಿಂದ ತಲೆಯೆತ್ತಿದಳು. ಮನೆಯ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಮ್ಮಾ, ಯು ಸೆಡ್ ನೋ. ನೋ ಮೀನ್ಸ್ ನೋ. ವಿ ಹ್ಯಾಡ್ ಎ ಹೋಲ್ ಅಸೆಂಬ್ಲಿ ಅಬೌಟ್ ಇಟ್."

ವಿಜಯಾಳ ಸಂಕಟಕ್ಕೆ ಬರೀ ವೇದಿಕೆಯ ಆಸೆಯಷ್ಟೇ ಕಾರಣವಾಗಿರಲಿಲ್ಲ. ಅವಳ ಕಂಪನಿ ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿತ್ತು. ಪಕ್ಕದ ಊರು ಕೆಂಟ್‌ನ ಒಂದು ಗೋದಾಮಿನಲ್ಲಿ ಡಬ್ಬಗಳನ್ನು ಹೊತ್ತು ತಿರುಗುವ ಯಂತ್ರಗಾಡಿಗಳು ಪ್ರತಿ ತಿರುವಿನಲ್ಲೂ ಕೇಂದ್ರದ ಕಂಪ್ಯೂಟರನ್ನು "ಮುಂದೆ ಹೋಗಲೇ?" ಎಂದು ಕೇಳಬೇಕಿತ್ತು. ಕಂಪ್ಯೂಟರು ಬೇರೆ ಕೆಲಸದಲ್ಲಿ ಮುಳುಗಿದ್ದರೆ "ಆಗುವುದಿಲ್ಲ" ಎನ್ನುತ್ತಿತ್ತು. ಗಾಡಿಗಳು ಪಾಪ, ಅದನ್ನು ನಂಬಿಬಿಡುತ್ತಿದ್ದವು. ನಿಂತಲ್ಲೇ ನಿಲ್ಲುತ್ತಿದ್ದವು. ಒಂದರ ಹಿಂದೆ ಒಂದು ಸಾಲುಗಟ್ಟಿ ಇಡೀ ಗೋದಾಮು ಸ್ತಬ್ಧವಾಗುತ್ತಿತ್ತು. ದೊಡ್ಡ ದೊಡ್ಡ ತಜ್ಞರು ಕಂಪ್ಯೂಟರನ್ನು ಬದಲಿಸಬೇಕು ಎಂದರು. ವಿಜಯಾ ಗಾಡಿಗಳಿಗೆ ಮತ್ತೆ ಕೇಳುವುದನ್ನು ಕಲಿಸಿದಳು. ಸ್ವಲ್ಪ ತಾಳಿ ಇನ್ನೊಮ್ಮೆ, ಇನ್ನೂ ಸ್ವಲ್ಪ ತಾಳಿ ಮತ್ತೊಮ್ಮೆ. ಎಲ್ಲ ಗಾಡಿಗಳೂ ಒಟ್ಟಿಗೇ ಮೇಲೆ ಬೀಳದಂತೆ ಒಂದೊಂದಕ್ಕೂ ಬೇರೆ ಬೇರೆ ತಾಳ್ಮೆ. ಗೋದಾಮು ನಡೆಯತೊಡಗಿತು. ಈಗ ಜಗತ್ತಿನ ಎಷ್ಟೋ ಗೋದಾಮುಗಳಲ್ಲಿ ಅವಳು ಬರೆದದ್ದೇ ಓಡುತ್ತಿದೆ.

ಹಿಂದಿನ ವರ್ಷ ಲಾಸ್ ವೇಗಸ್‌ನಲ್ಲಿ ಈ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು ಅವಳ ಮೇಲಧಿಕಾರಿ ಗ್ರೆಗರಿ. ವಿಜಯಾಳ ಹೆಸರು ಕೊನೆಯ ಸ್ಲೈಡಿನಲ್ಲಿತ್ತು, ಟೀಮಿನವರು ಪಿಜ್ಜಾ ತಿನ್ನುತ್ತಿರುವ ಫೋಟೋದ ಕೆಳಗೆ. ಅಲ್ಲಿ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಬುಧವಾರವೇ ಸಮ್ಮೇಳನದ ಉದ್ಘಾಟನೆ. ಮೂವರೂ ವಿಜಯಾಳ ಕಾರಿನಲ್ಲಿ ಸರೋವರದ ಸೇತುವೆ ದಾಟಿ ನಗರದ ನಡುವಿನ ಡೆನ್ನಿ ಟ್ರಯಾಂಗಲ್‌ ಬಡಾವಣೆಯ ಹೋಟೆಲು ಸೇರಿದರು. ಒಳಗೆ ಸಾವಿರಾರು ಹೆಂಗಸರು, ಎಲ್ಲರ ಕೊರಳಲ್ಲೂ ಒಂದೇ ನೇರಳೆ ಪಟ್ಟಿ. ಉಚಿತವಾಗಿ ಹಂಚಿದ ಟೀ ಶರ್ಟುಗಳ ಅತಿ ಚಿಕ್ಕ ಅಳತೆಯಲ್ಲೂ ಒಬ್ಬ ಟ್ರಕ್ ಡ್ರೈವರು ಆರಾಮವಾಗಿ ಹಿಡಿಸುತ್ತಿದ್ದ. ಕೈಚೀಲದಲ್ಲಿ ತುಟಿಗೆ ಹಚ್ಚುವ ಮುಲಾಮು; ಯಾವ ಕಾರಣಕ್ಕೋ ಒಂದು ಉಗುರು ಉಜ್ಜುವ ಅರ.

ಕಾಫಿ ಕಟ್ಟೆಯ ಬಳಿ ಪೈವಿ ಮಹ್ನಾಜ್‌ಳನ್ನು ಕೇಳಿದಳು: "ಶುಕ್ರವಾರ ಮುಖ್ಯ ವೇದಿಕೆ. ನೀನು ಮಾತಾಡುತ್ತೀಯಾ?"

ಮಹ್ನಾಜ್ ಎದೆಯ ಮೇಲೆ ಕೈಯಿಟ್ಟಳು. "ವಿಜಯಾ ಇರುವಲ್ಲಿ ನಾನು ಬಾಯಿ ತೆರೆಯುವುದೇ? ನಾನು ಅವಳ ಮನೆಯ ಉಪ್ಪು ತಿಂದಿದ್ದೇನೆ. ಅವಳು ಮಾತಾಡಲಿ."

ವಿಜಯಾ ಮನಸ್ಸಿನಲ್ಲೇ ಎಣಿಸಿದಳು. ಸುತ್ತು ಬಳಸಿಯಾದರೂ ಇದು ಎರಡನೆಯ ಸಲ. "ಛೆ, ನೀವು ಅಷ್ಟು ದೂರದಿಂದ ಬಂದಿದ್ದೀರಿ," ಎಂದಳು.

"ಬಂದದ್ದೇ ನಿಮ್ಮನ್ನು ಕೇಳಿಸಿಕೊಳ್ಳಲು."

"ನನ್ನದೇನು ಮಹಾ? ಗೋದಾಮು, ಡಬ್ಬ. ನಿಮ್ಮದು ಆಸ್ಪತ್ರೆ, ಜೀವ ಉಳಿಸುವ ಕೆಲಸ."

"ನಿಮ್ಮ ಡಬ್ಬಗಳು ಬರದಿದ್ದರೆ ನಮ್ಮ ಆಸ್ಪತ್ರೆಯಲ್ಲಿ ಹತ್ತಿಯೂ ಇರುವುದಿಲ್ಲ, ನನ್ನ ಕಣ್ಣೇ. ನನ್ನ ತಲೆಯ ಮೇಲಾಣೆ, ನೀವೇ ಮಾತಾಡಬೇಕು."

ಇದು ಮೂರನೆಯದು. ಇನ್ನು ಒಪ್ಪಬಹುದು. ಇಂಥ ಗಳಿಗೆಗೆಂದೇ ಒಂದು ವಾಕ್ಯವಿದೆ: ನೀವೆಲ್ಲ ಇಷ್ಟು ಬಲವಂತ ಮಾಡುತ್ತಿರುವುದರಿಂದ. ವಿಜಯಾ ಗಂಟಲು ಸರಿಮಾಡಿಕೊಂಡಳು.

"ನೀವೆಲ್ಲ ಇಷ್ಟು—"

"ಇಲ್ಲ, ನಾನು ಬಲವಂತ ಮಾಡುವುದಿಲ್ಲ," ಎಂದಳು ಪೈವಿ. ಅವಳ ಮುಖ ಕೆಂಪಾಗಿತ್ತು. "ಇಬ್ಬರಿಗೂ ಇಷ್ಟವಿಲ್ಲ. ಮತ್ತೆ ಮತ್ತೆ ಹೇಳಬೇಕಾದ ಸ್ಥಿತಿಗೆ ನಿಮ್ಮನ್ನು ತಂದದ್ದಕ್ಕೆ ಕ್ಷಮಿಸಿ."

"ಹಾಯ್ ಲೇಡೀಸ್! ಎಂತದೋ ಒಂದು ಸ್ಲಾಟ್ ಖಾಲಿ ಉಂಟು ಅಂತ ಕೇಳ್ತು?"

ಮಂಗಳೂರಿನ ಗ್ರೆಗರಿ, ಕಂಪನಿಯ ವೈಸ್ ಪ್ರೆಸಿಡೆಂಟ್. ಅವನ ಇಂಗ್ಲಿಷಿಗೂ ಮಂಗಳೂರಿನದೇ ರಾಗ. ಆ ನೇರಳೆ ಕೊರಳಪಟ್ಟಿಗಳಷ್ಟೂ ಅವನ ಇಲಾಖೆಯ ದೇಣಿಗೆ. ಅವನ ಕೋಟಿನ ಮೇಲೆ 'ನಾನು ನಿಮ್ಮ ಜೊತೆ' ಎಂದು ಬರೆದ ಬಿಲ್ಲೆಯೊಂದಿತ್ತು. ಗಂಡಸರಿಗೆಂದೇ ಸಮಿತಿ ಮಾಡಿಸಿದ್ದ ಬಿಲ್ಲೆಗಳಲ್ಲಿ ಅಂದು ಖರ್ಚಾಗಿದ್ದು ಬಹುಶಃ ಅದೊಂದೇ.

ಪೈವಿ ಅವನತ್ತ ತಿರುಗಿದಳು. "ಹೌದು, ಶುಕ್ರವಾರ. ನೀವು—"

"ಖಂಡಿತ," ಎಂದ ಗ್ರೆಗರಿ.

ಪ್ರಶ್ನೆಗೆ ಕ್ರಿಯಾಪದವೇ ಇನ್ನೂ ಬಂದಿರಲಿಲ್ಲ. ಪೈವಿಯ ಮುಖದಲ್ಲಿ ನೆಮ್ಮದಿ ಮೂಡಿತು. ಬೆಳಗಿನಿಂದ ಅವಳಿಗೆ ಅರ್ಥವಾಗುವಂತೆ ಉತ್ತರ ಕೊಟ್ಟ ಮೊದಲ ಮನುಷ್ಯ ಅವನು.

ಮಧ್ಯಾಹ್ನದ ಹೊತ್ತಿಗೆ ಅವನ ಭಾಷಣದ ಶೀರ್ಷಿಕೆ ಸಮ್ಮೇಳನದ ಪರದೆಗಳ ಮೇಲೆಲ್ಲ ಮೂಡಿತ್ತು: 'ನಾನು ಕೇಳಿಸಿಕೊಳ್ಳಲು ಕಲಿತದ್ದು ಹೇಗೆ.' ಲಿಫ್ಟಿನ ಬಳಿ ಅವನು ವಿಜಯಾಳನ್ನು ಹಿಡಿದ.

"ವಿಜಯಾ, ಆ ಕೆಂಟ್‌ದು ಸ್ಲೈಡ್ಸ್ ಉಂಟಲ್ಲ, ಸ್ವಲ್ಪ ಚಂದ ಮಾಡಿ ಕಳ್ಸಿ. ನಿಮಗಾದ್ರೆ ಎಲ್ಲ ಗೊತ್ತುಂಟಲ್ಲ. ನಿಮ್ಮ ಹೆಸ್ರು ಹಾಕುವ, ಲಾಸ್ಟಲ್ಲಿ."

"ಹಾಕಿ," ಎಂದಳು ವಿಜಯಾ. ಮತ್ತೇನು ಹೇಳಬೇಕೋ ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಅವಳು ಬಾಣದ ಗುರುತುಗಳಿಗೆ ಬಣ್ಣ ಹಾಕುತ್ತಿದ್ದಾಗ ಪೈವಿ ನೀರಿಗೆಂದು ಬಂದು ಹಿಂದೆ ನಿಂತಳು. ಮಹ್ನಾಜ್ ಸೋಫಾದಲ್ಲಿ, ತಾನೇ ಉಡುಗೊರೆಯಾಗಿ ತಂದ ಪಿಸ್ತಾ ಬಿಡಿಸುತ್ತಿದ್ದಳು.

"ಇದು ಯಾರ ಕೆಲಸ?" ಎಂದಳು ಪೈವಿ.

"ನನ್ನದು."

"ಮಾತಾಡುವವರು ಗ್ರೆಗರಿ."

"ಹೌದು."

"ನಿನಗೆ ಇಷ್ಟವಿಲ್ಲವಲ್ಲ, ಅದಕ್ಕೆ."

ವಿಜಯಾಳ ಬೆರಳು ನಿಂತಿತು. "ಇಷ್ಟವಿತ್ತು," ಎಂದಳು, ಪರದೆಗೆ ಹೇಳುವಂತೆ. "ತುಂಬಾ ಇಷ್ಟವಿತ್ತು."

ಪೈವಿ ಕುರ್ಚಿ ಎಳೆದುಕೊಂಡು ಕೂತಳು. "ನೀನು ಬೇಡ ಎಂದೆ."

"ಒಂದೇ ಸಲ ತಾನೇ ಅಂದದ್ದು?"

ಪೈವಿ ಇಂಜಿನಿಯರು. ಅರ್ಥವಾಗದ ಯಂತ್ರದ ಮೇಲೆ ಅವಳು ಸಿಟ್ಟಾಗುತ್ತಿರಲಿಲ್ಲ; ಅದರ ಮುಚ್ಚಳ ತೆಗೆಯುತ್ತಿದ್ದಳು. "ಎಷ್ಟನೆಯ ಸಲದ ಬೇಡ ನಿಜವಾದದ್ದು?"

"ಕೊಡುವುದು ಏನು ಅನ್ನುವುದರ ಮೇಲೆ ಹೋಗುತ್ತದೆ," ಎಂದಳು ವಿಜಯಾ.

"ಚಹಾ ಆದರೆ ಎರಡು," ಎಂದಳು ಸೋಫಾದಿಂದ ಮಹ್ನಾಜ್.

"ಕಾಫಿಗೂ ಅಷ್ಟೇ. ಸಿಹಿಗೆ ಜಾಸ್ತಿ. ಸೀರೆ ಆದರೆ ಅದನ್ನ ಮೂರು ಸಲ ವಾಪಸ್ ಕೊಡಬೇಕು. ಆಮೇಲೆ ಅವರು ನಮ್ಮ ಚೀಲಕ್ಕೆ ತುರುಕುತ್ತಾರೆ, ನಾವು ನೋಡಲಿಲ್ಲ ಅನ್ನುವ ಹಾಗೆ ಇರಬೇಕು."

"ನಮ್ಮಲ್ಲಿ ಟ್ಯಾಕ್ಸಿಯವನೂ ದುಡ್ಡು ಬೇಡ ಅನ್ನುತ್ತಾನೆ," ಎಂದಳು ಮಹ್ನಾಜ್. "ಹಾಗಂತ ಕೊಡದೆ ಇಳಿದರೆ ಪೊಲೀಸರನ್ನು ಕರೆಯುತ್ತಾನೆ."

"ಸರಿ. ನಿಜವಾಗಿಯೂ ಬೇಡವಾಗಿದ್ದರೆ ಏನು ಹೇಳುತ್ತೀರಿ?"

ವಿಜಯಾ ಮಹ್ನಾಜ್‌ಳ ಮುಖ ನೋಡಿದಳು. ಮಹ್ನಾಜ್ ವಿಜಯಾಳ ಮುಖ ನೋಡಿದಳು. ಸಾವಿರಾರು ಮೈಲಿ ದೂರದ ಎರಡು ಊರುಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿದ್ದಂತೆ ತೋರಲಿಲ್ಲ.

"ಹೊಟ್ಟೆನೋವು ಅನ್ನಬೇಕು," ಎಂದಳು ವಿಜಯಾ ಕೊನೆಗೆ.

"ಹೌದು, ಹೊಟ್ಟೆನೋವು," ಎಂದಳು ಮಹ್ನಾಜ್. "ನನಗೆ ನಿಜವಾಗಿಯೂ ಆ ವೇದಿಕೆ ಬೇಡವಾಗಿತ್ತು, ಪೈವಿ. ಟೊರಾಂಟೊದಲ್ಲಿ ತಿಂಗಳಿಗೊಮ್ಮೆ ಮಾತಾಡುತ್ತೇನೆ, ಸಾಕಾಗಿದೆ. ಆದರೆ ಕಾಫಿ ಕಟ್ಟೆಯ ಹತ್ತಿರ ಹೊಟ್ಟೆನೋವು ಅಂದರೆ ಚೆನ್ನಾಗಿರುತ್ತಾ?"

ಪೈವಿ ಪರದೆಯ ಮೇಲಿನ ಬಾಣಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ಗಾಡಿ ಕೇಳುತ್ತದೆ, ಕಂಪ್ಯೂಟರು ಆಗುವುದಿಲ್ಲ ಎನ್ನುತ್ತದೆ, ಗಾಡಿ ತಾಳಿಕೊಂಡು ಮತ್ತೆ ಕೇಳುತ್ತದೆ. "ಗೋದಾಮಿಗೂ ನೀನು ಇದನ್ನೇ ಬರೆದಿದ್ದೀಯ," ಎಂದಳು.

"ಅಲ್ಲಿ ಕೆಲಸ ಮಾಡಿತು," ಎಂದಳು ವಿಜಯಾ.

"ನಾನು ಗಾಡಿಯ ಹಳೆಯ ಮಾದರಿ." ಪೈವಿ ನಗಲಿಲ್ಲ, ಅದು ಅವಳ ತಮಾಷೆಯ ರೀತಿ ಎಂದು ಆ ಮನೆಗೆ ಅಷ್ಟರಲ್ಲಿ ತಿಳಿದಿತ್ತು. "ಆದರೆ ಗ್ರೆಗರಿ ಹೌದು ಎಂದಿದ್ದಾರೆ. ಹೌದನ್ನು ನಾನು ಕಿತ್ತುಕೊಳ್ಳಲಾರೆ. ಅವರಾಗಿ ಬಿಟ್ಟುಕೊಟ್ಟರೆ ಜಾಗ ನಿನ್ನದು. ಆಗಲೂ ನಾನು ಒಂದೇ ಸಲ ಕೇಳುತ್ತೇನೆ. ನನಗೆ ಬರುವುದು ಅಷ್ಟೇ."

ಅವರು ಮಲಗಲು ಹೋದಮೇಲೆ ಸುಹಾಸ್ ಹೇಳಿದ: "ನಾಳೆ ಗ್ರೆಗರಿ ನಮ್ಮನ್ನೆಲ್ಲ ಮನೇಗೆ ಊಟಕ್ಕೆ ಕರ್ದಿದಾರಲ್ವಾ? ನೇರವಾಗಿ ಕೇಳ್ಬಿಡು."

"ಬಾಸ್ ಮನೆಗೆ ಊಟಕ್ಕೋಗಿ, ನಿಮ್ಮ ಎಲೇಲಿರೋದನ್ನ ಎತ್ತಿ ನಂಗೆ ಹಾಕಿ ಅನ್ನಲಾ? ಡಿಸೆಂಬರ್‌ನಲ್ಲಿ ರಿವ್ಯೂ ಬರೆಯೋದು ಅವರೇ."

"ಹಾಗಾದ್ರೆ ಬಣ್ಣ ಹಾಕು," ಎಂದ ಸುಹಾಸ್. ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಹೆಚ್ಚು ನೋಯಿಸಿತು.

ಗ್ರೆಗರಿಯ ಮನೆ ಈಸ್ಟ್‌ಗೇಟಿನ ಮೇಲಿನ ಗುಡ್ಡದಲ್ಲಿ. ಕಿಟಕಿಯಿಂದ ಹೆದ್ದಾರಿಯ ಕಾರುಗಳು ಶಿಸ್ತಾಗಿ ತೆವಳುವುದು ಕಾಣುತ್ತಿತ್ತು. ಅವನ ಹೆಂಡತಿ ಹಿಲ್ಡಾ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗದ ಮುಖ್ಯಸ್ಥೆ. ಬರಿಗಣ್ಣಿಗೆ ಕಾಣದ ಬಿರುಕುಗಳನ್ನು ಹುಡುಕುವುದು ಅವಳ ಉದ್ಯೋಗ. ಮದುವೆಯಾಗಿ ಇಪ್ಪತ್ತೆರಡು ವರ್ಷ.

ಗುರುವಾರ ಸಂಜೆ ಮಹ್ನಾಜ್ ನೆರವಾಗುವ ನೆಪದಲ್ಲಿ ಅಡುಗೆಮನೆ ಹೊಕ್ಕಳು. ಹಪ್ಪಳ ಕರಿದು ಮುಗಿಯುವುದರೊಳಗೆ ಹಿಲ್ಡಾಗೆ ಸಕಲವೂ ಗೊತ್ತಾಗಿತ್ತು.

ಊಟಕ್ಕೆ 'ಸಣ್ಣ' ಎಂಬ ಮಂಗಳೂರಿನ ಇಡ್ಲಿ, ಮೀನಿನ ಗಸಿ. ಮೈಸೂರಿನವರಿಗೆ ಬೇರೆಯಾಗಿ ಪತ್ರೊಡೆ. ಪೈವಿ ಹೊಸದಾಗಿ ಕಲಿತದ್ದನ್ನು ಪ್ರಯೋಗ ಮಾಡಿ ನೋಡಲು ನಿರ್ಧರಿಸಿಕೊಂಡೇ ಕೂತಿದ್ದಳು. ಹಿಲ್ಡಾ ಮತ್ತೊಂದು 'ಸಣ್ಣ' ತಂದಾಗ "ಬೇಡ" ಎಂದಳು. ಆ ಪದವನ್ನು ಅವಳು ವಿಜಯಾಳ ಊಟದ ಮೇಜಿನಲ್ಲೇ ಹೆಕ್ಕಿಕೊಂಡಿದ್ದಳು.

"ಎಂತ ಮಾರಾಯ್ತಿ, ಇಷ್ಟೇ ತಿನ್ನುದಾ?"

"ಬೇಡ." ಮೇಜಿನ ಕೆಳಗೆ ಪೈವಿಯ ಎರಡನೆಯ ಬೆರಳು ಮಡಚಿತು.

"ಒಂದು ತಿಂದ್ರೆ ಎಂತ ಆಗುದಿಲ್ಲ."

"ಸರಿ, ಹಾಕು," ಎಂದಳು ಪೈವಿ ಇಂಗ್ಲಿಷಿನಲ್ಲಿ, ಗೆದ್ದವಳಂತೆ. ಹಿಲ್ಡಾ ಎರಡು ಹಾಕಿದಳು. ಅದು ಸಿದ್ಧಾಂತದಲ್ಲಿ ಇರಲಿಲ್ಲ.

ಆಮೇಲೆ ಹಿಲ್ಡಾ ಸೌಟು ಹಿಡಿದುಕೊಂಡೇ ಗಂಡನ ಬಳಿ ನಿಂತಳು. ಮೇಜಿಗೆಲ್ಲ ತಿಳಿಯಲೆಂದು ಇಂಗ್ಲಿಷಿನಲ್ಲಿ ಕೇಳಿದಳು. "ಗ್ರೆಗ್, ನಾಳೆ ನೀವು ಹೇಳುವುದು ವಿಜಯಾ ಮಾಡಿದ ಕೆಲಸವಂತೆ. ನೀನು ಮಾತಾಡುತ್ತೀಯಾ ಅಂತ ಅವಳನ್ನು ಒಂದು ಮಾತು ಕೇಳಿದಿರಾ?"

ಗ್ರೆಗರಿ ಕೆಟ್ಟವನಲ್ಲ. ಅತಿಥಿಗಳ ಎದುರು ಸಣ್ಣವನಾಗುವುದು ಯಾರಿಗೂ ಇಷ್ಟವಿಲ್ಲ, ಅಷ್ಟೆ. ಅವನು ಗ್ಲಾಸು ಎತ್ತಿದ, ದನಿಯನ್ನೂ ಎತ್ತಿದ.

"ಕೇಳದೆ ಇರುತ್ತೇನಾ? ವಿಜಯಾ, ಈಗಲೂ ಹೇಳುತ್ತೇನೆ, ಎಲ್ಲರ ಎದುರು ಹೇಳುತ್ತೇನೆ. ಆ ವೇದಿಕೆ ನಿಮ್ಮದು. ನೀವೇ ಮಾತಾಡಿ. ನನ್ನದೇನಿದೆ? ನಾನು ಬರೀ ಮ್ಯಾನೇಜರ್."

ಮುಂದಿನ ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು. ಛೆ ಛೆ, ಎಲ್ಲಾದರೂ ಉಂಟೇ, ನಿಮ್ಮ ಹಾಗೆ ಮಾತಾಡಲು ನನಗೆ ಬರುತ್ತದೆಯೇ. ವಿಜಯಾಳ ಗಂಟಲಿಗೆ ಅದು ತಾನಾಗಿ ಬಂದು ನಿಂತಿತ್ತು. ಅದು ಬರುವುದನ್ನೇ ಕಾಯುತ್ತ ಗ್ರೆಗರಿ ಗ್ಲಾಸನ್ನು ತುಟಿಯತ್ತ ಒಯ್ಯುತ್ತಿದ್ದ. ಸುಹಾಸ್ ಪತ್ರೊಡೆ ನೋಡುತ್ತಿದ್ದ. ಮಹ್ನಾಜ್ ಕಣ್ಣು ಮುಚ್ಚಿಕೊಂಡಿದ್ದಳು.

ಪೈವಿ ಮಾತ್ರ ಗ್ರೆಗರಿಯನ್ನೇ ನೋಡುತ್ತಿದ್ದಳು, ಅಚ್ಚರಿಯಿಂದ, ಗೌರವದಿಂದ. ತನ್ನದೊಂದನ್ನು ಈಗಷ್ಟೇ ಇನ್ನೊಬ್ಬರಿಗೆ ಕೊಟ್ಟುಬಿಟ್ಟ ಮನುಷ್ಯನನ್ನು ನೋಡುವ ಹಾಗೆ. ಆ ಮೇಜಿನಲ್ಲಿ ಅವನ ಮಾತನ್ನು ನಂಬಿದವಳು ಅವಳೊಬ್ಬಳೇ. ಅವಳ ಮುಖ ಕಂಡದ್ದೇ ವಿಜಯಾಗೆ ತಾನೂ ನಂಬಬಹುದೆಂದು ಹೊಳೆಯಿತು.

"ಆಯ್ತು," ಎಂದಳು ವಿಜಯಾ. "ಥ್ಯಾಂಕ್ಸ್, ಗ್ರೆಗರಿ. ಮಾತಾಡ್ತೀನಿ."

ಗ್ಲಾಸು ದಾರಿಯಲ್ಲೇ ನಿಂತಿತು. ಸುಹಾಸ್‌ಗೆ ಪತ್ರೊಡೆ ನೆತ್ತಿಗೇರಿ ಕೆಮ್ಮು ಬಂತು. ಗ್ರೆಗರಿ ನಕ್ಕ, ಯಾರೂ ಜೊತೆಗೂಡದ್ದರಿಂದ ನಿಲ್ಲಿಸಿದ.

"ಅಲ್ಲ, ನಾನು ಹೇಳಿದ್ದು ಅಂದ್ರೆ—"

"ಹಾಗಾದರೆ ನೀವು ಬಿಟ್ಟುಕೊಡುತ್ತೀರಿ," ಎಂದಳು ಪೈವಿ. ಫೋನು ಆಗಲೇ ಅವಳ ಕೈಯಲ್ಲಿತ್ತು.

"ವಿಜಯಾಗೆ ತೊಂದರೆ ಆಗದಿದ್ದರೆ, ಅಂದರೆ ಅವಳು ಕಂಫರ್ಟಬಲ್ ಆಗಿದ್ದರೆ ಮಾತ್ರ—"

"ವಿಜಯಾ, ಶುಕ್ರವಾರ ಮುಖ್ಯ ವೇದಿಕೆಯಲ್ಲಿ ಮಾತಾಡುತ್ತೀಯಾ?"

"ಹೂಂ," ಎಂದಳು ವಿಜಯಾ.

ಪೈವಿಯ ಹೆಬ್ಬೆರಳು ಪರದೆಯ ಮೇಲೆ ಸರಿಯಿತು. "ಬದಲಾಯಿತು."

"ಎಷ್ಟು ದೊಡ್ಡ ಮನಸ್ಸು ನಿಮ್ದು, ಗ್ರೆಗ್," ಎಂದಳು ಹಿಲ್ಡಾ. ಕೇಳದೆಯೇ ಅವನ ತಟ್ಟೆಗೆ ಮೀನಿನ ದೊಡ್ಡ ತುಂಡೊಂದನ್ನು ಬಡಿಸಿದಳು.

ಶುಕ್ರವಾರ ಬೆಳಗ್ಗೆ ವೇದಿಕೆಯ ಹಿಂದಿನ ಕತ್ತಲಲ್ಲಿ ಪೈವಿ ವಿಜಯಾಳ ಸೀರೆಗೆ ಮೈಕಿನ ಡಬ್ಬಿ ಸಿಕ್ಕಿಸಲು ಜಾಗ ಹುಡುಕುತ್ತಿದ್ದಳು. ಮೈಕು ತಯಾರಿಸುವವರು ಎಲ್ಲ ಭಾಷಣಕಾರರಿಗೂ ಬೆಲ್ಟ್ ಇರುತ್ತದೆ ಎಂದು ತಿಳಿದಂತಿತ್ತು. ಅಷ್ಟರಲ್ಲಿ ಗ್ರೆಗರಿ ಬಂದ. ಹೊಸ ಸೂಟು, ಇಸ್ತ್ರಿ ಗರಿಗರಿ. ಕೈಯಲ್ಲಿ ಸ್ಲೈಡು ಬದಲಿಸುವ ರಿಮೋಟು.

"ವಿಜಯಾ, ನಿದ್ದೆ ಬಂತಾ? ಟೆನ್ಷನ್ ಇದ್ರೆ ಹೇಳಿ. ನಾನು ರೆಡಿ ಉಂಟು."

"ಬೇಡ, ಗ್ರೆಗರಿ."

ಅವನು ಮುಗುಳ್ನಕ್ಕ. ಮೊದಲ ಬೇಡಕ್ಕೆ ನಮ್ಮವರು ಯಾರಾದರೂ ನಗುವಂಥದೇ ನಗು. "ಸಂಕೋಚ ಎಂತಕೆ? ನಾವು ನಾವೇ ಅಲ್ವಾ?"

"ಬೇಡ. ನಾನು ಮಾತಾಡ್ತೀನಿ."

"ಹೋಗ್ಲಿ ಮಾರಾಯ್ರೆ, ಮೊದಲಿಗೆ ಒಂದು ಐದು ನಿಮಿಷ ನಾನು ಇಂಟ್ರೊಡಕ್ಷನ್ ಮಾಡುವ. ಆಮೇಲೆ ನೀವು ಬನ್ನಿ. ಜನ ಸ್ವಲ್ಪ ಬಿಸಿ ಆಗಿರ್ತಾರೆ."

ಮೂರನೆಯ ಸಲ ಕೇಳಿದವರಿಗೆ ನಿಜವಾದ ಬೇಡ ಹೇಳಲು ಹೊಟ್ಟೆನೋವಿನ ಹೊರತು ವಿಜಯಾಗೆ ಬೇರೆ ದಾರಿ ಗೊತ್ತಿರಲಿಲ್ಲ. ವೇದಿಕೆ ಹತ್ತಲು ನಿಂತವಳು ಹೊಟ್ಟೆನೋವು ಅನ್ನುವಂತಿರಲಿಲ್ಲ. ಗ್ರೆಗರಿ ಆಗಲೇ ರಿಮೋಟನ್ನು ಪರದೆಯ ಕಡೆ ಹಿಡಿದು ಒತ್ತಿ ನೋಡುತ್ತಿದ್ದ.

ಪೈವಿ ಮೈಕಿನ ತಂತಿಯಿಂದ ತಲೆಯೆತ್ತಿದಳು. ಅವರಿಬ್ಬರ ಮಾತಿನಲ್ಲಿ ಅವಳಿಗೆ ತಿಳಿದ ಪದ ಒಂದೇ. ಅದು ಎರಡು ಸಲ ಬಂದದ್ದನ್ನು ಅವಳು ಎಣಿಸಿದ್ದಳು.

"ಬೇಡ," ಎಂದಳು ಗ್ರೆಗರಿಗೆ. ಕನ್ನಡದಲ್ಲಿ.

ಆ ಪದವನ್ನು ಗ್ರೆಗರಿ ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದ. ಆದರೆ ಹಿಂದೆ ಮುಂದೆ ಏನೂ ಇಲ್ಲದೆ, ಅಯ್ಯೋ ಇಲ್ಲದೆ, ನಗುವಿಲ್ಲದೆ, ಬರೀ ಅದೊಂದನ್ನೇ ಯಾರೂ ಅವನ ಕೈಗಿತ್ತಿರಲಿಲ್ಲ. ಅವನು ಪೈವಿಯ ನೀಲಿ ಕಣ್ಣುಗಳಲ್ಲಿ ಎರಡನೆಯ ಅರ್ಥವನ್ನು ಹುಡುಕಿದ. ಸಿಗಲಿಲ್ಲ. ರಿಮೋಟನ್ನು ವಿಜಯಾಳ ಕೈಗೆ ಕೊಟ್ಟು, ಕತ್ತಲಲ್ಲಿ ತಡವರಿಸುತ್ತ ಸಭೆಗೆ ಇಳಿದುಹೋದ.

ದೀಪ ಹತ್ತಿತು. ವಿಜಯಾ ನಡೆದು ಹೋಗಿ ವೇದಿಕೆಯ ನಡುವೆ ನಿಂತಳು. ಮುಂದಿನ ಸಾಲಿನಲ್ಲಿ ಹಿಲ್ಡಾ; ಕೆಂಟ್‌ನ ಬಿರುಕುಗಳಿಗೆ ಅರ್ಧ ದಿನ ರಜೆ ಕೊಟ್ಟು ಬಂದಿದ್ದಳು. ಪಕ್ಕದಲ್ಲಿ ಮಹ್ನಾಜ್. ಅವರಿಬ್ಬರ ನಡುವೆ ಒಂದು ಕುರ್ಚಿ ಖಾಲಿ. ನೀವು ಕೂತುಕೊಳ್ಳಿ, ಇಲ್ಲ ನೀವು ಎಂದು ಇಬ್ಬರೂ ಬಿಟ್ಟಿದ್ದರಿಂದ ಉಳಿದದ್ದು. ಗ್ರೆಗರಿ ಅದರಲ್ಲಿ ಕೂತ.

"ನಾನು ವಿಜಯಾ," ಎಂದಳು. ಅಭ್ಯಾಸಬಲದಿಂದ ಮುಂದಿನ ವಾಕ್ಯ 'ನನ್ನದೇನು ಮಹಾ ಅಲ್ಲ' ಎಂದು ಹೊರಡುವುದರಲ್ಲಿತ್ತು. ಅದನ್ನು ನುಂಗಿದಳು. "ಕೆಂಟ್‌ನ ಗಾಡಿಗಳಿಗೆ ಮತ್ತೆ ಕೇಳುವುದನ್ನು ಕಲಿಸಿದವಳು ನಾನು."

ಚಪ್ಪಾಳೆ ಮೊದಲು ಹೊಡೆದವನು ಗ್ರೆಗರಿ. ಅದು ನಾಟಕವೂ ಅಲ್ಲ. ಕೊಟ್ಟವನ ಸಂತೋಷ ಅಷ್ಟರಲ್ಲಿ ಅವನಿಗೆ ನಿಜವಾಗಿಯೇ ಹತ್ತಿಬಿಟ್ಟಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅವನು ತಟ್ಟೆ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಹೋಗಿ, ಈ ವೇದಿಕೆಯನ್ನು ವಿಜಯಾಗೆ ತಾನೇ ಬಿಟ್ಟುಕೊಟ್ಟದ್ದೆಂದೂ ನೀವೇ ಮಾತಾಡಿ ಎಂದು ತಾನೇ ಹೇಳಿದ್ದೆಂದೂ ಎಲ್ಲರಿಗೂ ಹೇಳುತ್ತಿದ್ದ. ಕೇಳಿದವರು ವಿಜಯಾಳತ್ತ ತಿರುಗಿ ಹೌದೇ ಎಂದರು.

"ಹೌದು," ಎಂದಳು ವಿಜಯಾ. "ಒಂದೇ ಸಲ ಹೇಳಿದ್ದು."